ಹದಿನೇಳನೆಯ ಚಿತ್ರ

ಹೋದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗ ಇಚಲಕರಂಜಿಯಿಂದ ಬನಹಟ್ಟಿಗೆ ಬಂದಿದ್ದ. ಏಳನೆಯ ತರಗತಿ ಮುಗಿಸಿದ ಹುಡುಗ. ಬರುವಾಗ ಬಟ್ಟೆಯ ಚೀಲಕ್ಕಿಂತ ಜೋಪಾನವಾಗಿ ಒಂದು ಪೆಟ್ಟಿಗೆಯನ್ನು ತಂದಿದ್ದ. ಅದರಲ್ಲಿ ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರ ಇತ್ತು. ಅದಕ್ಕೆ ಕನ್ಸೋಲ್ ಎನ್ನುತ್ತಾರೆ. ಯಾರೋ ಆಡಿ ಬಿಟ್ಟದ್ದನ್ನು ಅವನ ಅಪ್ಪ ಕಡಿಮೆ ಬೆಲೆಗೆ ಕೊಡಿಸಿದ್ದರಂತೆ.

ಮೂರನೆಯ ದಿನ ಕರೆಂಟು ಹೋಯಿತು. ಹುಡುಗ ಒಂದು ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಮಾಮಾ, ನಂದೊಂದು ಐಡಿಯಾ ಐತಿ. ಟಿವಿ ಮ್ಯಾಲೆ ಆಡೂ ಎಲಿ ಆಟ. ಇಸ್ಪೀಟ್ ಅಲ್ಲ ಮತ್ತ! ಎಲಿ ಮ್ಯಾಲೆ ರಾಜಾ ರಾಣಿ ಇರಂಗಿಲ್ಲ. ನಮ್ಮ ಕಡೀವು ಇರ್ತಾವು."

ನೋಟ್‌ಬುಕ್ಕಿನಲ್ಲಿ ಒಟ್ಟು 40 ಎಲೆಗಳನ್ನು ಬರೆದಿದ್ದ. ಮುಧೋಳದ ನಾಯಿ ಇತ್ತು. ಬೀಳಗಿ ಕಡೆಯ ಚಿಂಕಾರ ಇತ್ತು. ತೋಳ, ಕತ್ತೆಕಿರುಬ ಇದ್ದವು. ಚಳಿಗಾಲದಲ್ಲಿ ಹಿಮಾಲಯವನ್ನೇ ದಾಟಿ ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆ ತಲೆಯ ಬಾತು ಇತ್ತು. ಕಬ್ಬಿನ ಹೊಲ, ಮಹಾಲಿಂಗಪುರದ ಬೆಲ್ಲ, ಬನಹಟ್ಟಿಯ ಮಗ್ಗ ಇದ್ದವು. 1989ರಲ್ಲಿ ಜಮಖಂಡಿ ಕಡೆಯ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜೂ ಒಂದು ಎಲೆಯಾಗಿತ್ತು. ಪ್ರತಿ ಎಲೆಯ ಕೆಳಗೆ ವೇಗ, ನೋಟ, ತಾಳಿಕೆ ಎಂದು ಮೂರು ಅಂಕಿಗಳು. ಇಬ್ಬರು ಆಟಗಾರರು ಒಂದೊಂದು ಎಲೆ ಹಾಕಬೇಕು. ಅಂಕಿ ದೊಡ್ಡದಿದ್ದವನು ಗೆದ್ದ.

ನನಗೆ ನಿಜಕ್ಕೂ ಸಂತೋಷವಾಯಿತು. "ಚಲೋ ಐತಿ. ಆದ್ರ ಈ ಎಲಿ ಆಡಾವಂಗ ಸಿಗೂದು ಹ್ಯಾಂಗ?" ಎಂದು ಕೇಳಿದೆ.

"ಪಾಕೀಟ್ ಒಡೀಬೇಕು ಮಾಮಾ. ಹತ್ತು ರೂಪಾಯಿಗೆ ಒಂದು ಪಾಕೀಟ್. ಒಳಗ ಒಂದು ಎಲಿ. ಯಾವುದು ಬರತೈತೋ ಗೊತ್ತಿಲ್ಲ. ಅದ ಮಜಾ!"

ಆ ಮಾತು ಕೇಳಿದ ಕೂಡಲೆ ನನಗೆ 1987ನೆಯ ಇಸವಿ ನೆನಪಾಯಿತು.

ಆ ವರ್ಷ ಕ್ರಿಕೆಟ್ಟಿನ ವಿಶ್ವಕಪ್ ಭಾರತ ಮತ್ತು ಪಾಕಿಸ್ತಾನದಲ್ಲಿ ನಡೆದಿತ್ತು. ನಾನು ಆರನೆಯ ತರಗತಿಯಲ್ಲಿದ್ದೆ. ನಮ್ಮ ಓಣಿಯ ಅಂಗಡಿಗೆ ಒಂದು ಬಗೆಯ ಚ್ಯೂಯಿಂಗ್ ಗಮ್ ಬಂದಿತ್ತು. ಬೆಲೆ ಎಂಟಾಣೆ. ಒಳಗೆ ಒಬ್ಬ ಆಟಗಾರನ ಸಣ್ಣ ಚಿತ್ರ. ಒಂದರಿಂದ 40ರವರೆಗಿನ ಎಲ್ಲ ಚಿತ್ರಗಳನ್ನು ಕೂಡಿಸಿದವರಿಗೆ ಒಂದು ಬ್ಯಾಟು ಉಚಿತ ಎಂದು ಅಂಗಡಿಯಲ್ಲಿ ಹಾಳೆ ಅಂಟಿಸಿದ್ದರು. ನಮ್ಮ ಓಣಿಯಲ್ಲಿ ಆಗ ಖರೆ ಬ್ಯಾಟು ಒಂದೂ ಇರಲಿಲ್ಲ. ತೆಂಗಿನ ಗರಿಯ ಬುಡವೇ ನಮ್ಮ ಬ್ಯಾಟು.

ಮೊದಮೊದಲು ಒಡೆದ ಪಾಕೀಟಿಗೆಲ್ಲ ಹೊಸ ಚಿತ್ರ. ಆಮೇಲೆ ಬಂದದ್ದೇ ಬರತೊಡಗಿತು. ಎರಡೆರಡು ಇದ್ದುದನ್ನು ಗೆಳೆಯರೊಂದಿಗೆ ಅದಲುಬದಲು ಮಾಡಿಕೊಂಡೆವು. ಈಗ ನೆನೆಸಿಕೊಂಡರೆ ಇಡೀ ಆಟದಲ್ಲಿ ಅದೇ ಚೆನ್ನಾಗಿದ್ದ ಭಾಗ. ಮರದ ಕೆಳಗೆ ಕುಳಿತು ಗಂಟೆಗಟ್ಟಲೆ ವ್ಯಾಪಾರ ಮಾಡುತ್ತಿದ್ದೆವು. ಕೊನೆಗೆ ನನ್ನ ಹತ್ತಿರ 39 ಚಿತ್ರಗಳಾದವು. ಹದಿನೇಳನೆಯದು ಒಂದು ಬಾಕಿ. ಅದು ನಮ್ಮ ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದ ಮೇಲೆ ಕೂಡುತ್ತಿದ್ದರು. ಅಜ್ಜಿ ರಾಟಿ ತಿರುವುತ್ತ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಕಡ್ಡಿಗೆ ನಮ್ಮ ಕಡೆ ಕಂಡಿಕೆ ಎನ್ನುತ್ತಾರೆ. ಬೇರೆಯವರ ಕಂಡಿಕೆಯನ್ನೂ ಸುತ್ತಿಕೊಟ್ಟು, ಬಂದ ಕೂಲಿಯನ್ನು ಅಜ್ಜಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಆ ಡಬ್ಬಿಯಿಂದ ಎಂಟು ರೂಪಾಯಿ ತೆಗೆದೆ. ಹದಿನಾರು ಪಾಕೀಟುಗಳು ಬಂದವು. ಅಂಗಡಿಯ ಹಿಂದೆ ನಿಂತು ಒಂದೊಂದನ್ನೇ ಒಡೆದೆ. ಹದಿನೇಳು ಬರಲಿಲ್ಲ.

ಸಂಜೆ ಅಜ್ಜಿಗೆ ಗೊತ್ತಾಯಿತು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ನನ್ನ ಚಿತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಸಿ ನೋಡಿದಳು. ಆಮೇಲೆ ಕೇಳಿದಳು: "ಯಪ್ಪಾ, ಆ ಹದಿನೇಳನೇದನ್ನ ಅವ್ರು ಅಚ್ಚು ಹಾಕ್ಯಾರೋ ಇಲ್ಲೋ? ನೀ ಏನ್ ನೋಡೀಯೇನು?"

ನಾನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಮಾತ್ರ ಅವಳಿಗೇ ಹೊಳೆದಿತ್ತು. ಎಂಟು ರೂಪಾಯಿಯ ಕಂಡಿಕೆ ಸುತ್ತಲು ಅವಳಿಗೆ ಎಷ್ಟು ದಿನ ಬೇಕಾಗಿದ್ದವು ಎಂದು ನಾನು ಆಗ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಜ್ಜಿ ಇಲ್ಲ.

ಈ ಕಥೆಯನ್ನು ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ನನ್ನ ಆಟದಾಗ ಎಲ್ಲಾ 40 ಇರ್ತಾವಲ್ಲ ಮಾಮಾ. ನಾ ಮೋಸಾ ಮಾಡಂಗಿಲ್ಲ" ಎಂದ. ಮಾತು ಸರಿಯಾಗಿತ್ತು. ಅದಕ್ಕೇ ಲೆಕ್ಕ ಮಾಡಿ ನೋಡೋಣ ಎಂದೆ.

ಮಕ್ಕಳೇ, ಈ ಲೆಕ್ಕವನ್ನು ನೀವೂ ಮಾಡಬಹುದು. ಹಾವು ಏಣಿ ಆಟದ ದಾಳ ಒಂದು ಸಾಕು. ದಾಳಕ್ಕೆ ಆರು ಮುಖಗಳು. ಆರು ಚಿತ್ರಗಳಿರುವ ಆಟ ಎಂದು ತಿಳಿಯಿರಿ. ಒಂದು ಸಲ ಎಸೆದರೆ ಒಂದು ಪಾಕೀಟು ಒಡೆದಂತೆ. 1ರಿಂದ 6ರವರೆಗೆ ಎಲ್ಲ ಅಂಕಿಗಳೂ ಬೀಳುವ ತನಕ ಎಸೆಯಿರಿ. ಎಷ್ಟು ಸಲ ಎಸೆದಿರಿ ಎಂದು ಬರೆದಿಡಿ. ನಾನು ಮೊದಲ ಸರದಿಯಲ್ಲಿ 9 ಸಲ ಎಸೆದೆ. ಹುಡುಗನಿಗೆ 23 ಎಸೆತ ಬೇಕಾದವು. ಅವನ 4 ಬೀಳಲು ಒಲ್ಲೆ ಎನ್ನುತ್ತಿತ್ತು! ತರಗತಿಯಲ್ಲಿ ಎಲ್ಲರೂ ಮಾಡಿ, ಸರಾಸರಿ ತೆಗೆದರೆ ಉತ್ತರ 15ರ ಹತ್ತಿರ ಬರುತ್ತದೆ.

ಏಕೆ? ಮೊದಲ ಎಸೆತದಲ್ಲಿ ಏನು ಬಿದ್ದರೂ ಅದು ಹೊಸದು. ಆದ್ದರಿಂದ 1 ಎಸೆತ. ಆಮೇಲೆ ಆರರಲ್ಲಿ ಐದು ಮುಖಗಳು ಹೊಸವು. ಎರಡನೆಯ ಹೊಸ ಅಂಕಿಗೆ ಸರಾಸರಿ 6/5, ಅಂದರೆ 1.2 ಎಸೆತ ಬೇಕು. ಮೂರನೆಯದಕ್ಕೆ 6/4, ಅಂದರೆ 1.5. ನಾಲ್ಕನೆಯದಕ್ಕೆ 6/3, ಅಂದರೆ 2. ಐದನೆಯದಕ್ಕೆ 6/2, ಅಂದರೆ 3. ಕೊನೆಯ ಅಂಕಿ ಬೀಳುವ ಅವಕಾಶ ಆರರಲ್ಲಿ ಒಂದೇ ಒಂದು. ಅದಕ್ಕೆ 6 ಎಸೆತ. ಎಲ್ಲವನ್ನೂ ಕೂಡಿಸಿದರೆ 14.7.

ಕೊನೆಯದೊಂದಕ್ಕೇ ಎಷ್ಟು ಎಸೆತ ಹೋಯಿತು ನೋಡಿದಿರಾ?

ಈಗ ಆರರ ಬದಲು 40 ಇಟ್ಟು ಇದೇ ಲೆಕ್ಕ ಮಾಡಿದೆವು. ಕರೆಂಟು ಬಂದಿರಲಿಲ್ಲ, ಕ್ಯಾಲ್ಕುಲೇಟರ್ ಹಿಡಿದು ಅಂಗಳದಲ್ಲಿ ಕುಳಿತೆವು. ಮೊದಲ 20 ಎಲೆಗಳಿಗೆ ಸರಾಸರಿ 27 ಪಾಕೀಟುಗಳು ಸಾಕು. ಉಳಿದ 20ಕ್ಕೆ 144 ಬೇಕು. ಒಟ್ಟು 171. ಒಂದು ಪಾಕೀಟಿಗೆ ಹತ್ತು ರೂಪಾಯಿಯಂತೆ 1,710 ರೂಪಾಯಿ. ಅದರಲ್ಲಿ ಕಟ್ಟಕಡೆಯ ಎಲೆಯೊಂದಕ್ಕೇ 400 ರೂಪಾಯಿ! ಇದು ಯಾರೂ ಮೋಸ ಮಾಡದೆ, ಎಲ್ಲ ಎಲೆಗಳನ್ನೂ ಸಮನಾಗಿ ಹಂಚಿದಾಗ ಬರುವ ಲೆಕ್ಕ. ಗೆಳೆಯರೊಂದಿಗೆ ಅದಲುಬದಲು ಮಾಡಿಕೊಂಡರೆ ಖರ್ಚು ಸಾಕಷ್ಟು ಇಳಿಯುತ್ತದೆ. ಆದರೆ ಅದಲುಬದಲನ್ನು ಬಿಡುವುದು ಬಿಡದಿರುವುದು ಆಟ ಮಾಡಿದವರ ಕೈಯಲ್ಲಿರುತ್ತದೆ.

"ಚಿಂಕಾರ ರೇರ್ ಇರ್ಲಿ ಅಂತ ಇನ್ನೂರ ಪಾಕೀಟಿಗೆ ಒಂದು ಇಟ್ಟೀನಿ" ಎಂದು ಹುಡುಗ ಮೆಲ್ಲಗೆ ಹೇಳಿದ.

ಅದನ್ನೂ ಲೆಕ್ಕ ಹಾಕಿದೆವು. ಇನ್ನೂರಕ್ಕೆ ಒಂದು ಎಂದರೆ ಇನ್ನೂರು ಪಾಕೀಟು ಕೊಂಡವರಿಗೆ ಸಿಕ್ಕೇ ಸಿಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ನೂರು ಮಕ್ಕಳು ತಲಾ ಇನ್ನೂರು ಪಾಕೀಟು ಒಡೆದರೂ ಅವರಲ್ಲಿ ಸುಮಾರು 37 ಮಕ್ಕಳಿಗೆ ಚಿಂಕಾರ ಒಂದೂ ಸಿಕ್ಕಿರುವುದಿಲ್ಲ. ಯಂತ್ರಕ್ಕೆ ನೀವು ಹಿಂದೆ ಎಷ್ಟು ಪಾಕೀಟು ಒಡೆದಿದ್ದೀರಿ ಎಂಬ ಕರುಣೆ ಇಲ್ಲ. ಪ್ರತಿ ಸಲವೂ ಇನ್ನೂರರಲ್ಲಿ ಒಂದೇ ಅವಕಾಶ.

ಇಂಥ ಆಟಗಳು ಈಗಾಗಲೇ ಲೋಕದಲ್ಲಿವೆ. ಎಲೆಗೂ ಕನ್ಸೋಲಿಗೂ ಹಳೆಯ ನಂಟು. ಕನ್ಸೋಲ್ ತಯಾರಿಸುವ ಜಪಾನಿನ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೊ ನಗರದಲ್ಲಿ ಹುಟ್ಟಿದ್ದು ಆಟದ ಎಲೆಗಳನ್ನು ಮಾಡಲು. ನಮ್ಮ ನಾಡಿನಲ್ಲೂ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಗುಂಡನೆಯ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿದ್ದರು. ದಶಾವತಾರದ ಗಂಜೀಫಾ ಆಟಕ್ಕೆ 120 ಎಲೆಗಳು. ಅವೆಲ್ಲ ಒಟ್ಟಿಗೇ ಸಿಗುತ್ತಿದ್ದವು, ಪಾಕೀಟು ಒಡೆಯುವ ಪ್ರಶ್ನೆಯೇ ಇರಲಿಲ್ಲ. ಕೂಡಿಸುತ್ತ ಹೋಗಬೇಕಾದ, ಕೂಡಿಸಿದ್ದರಿಂದಲೇ ಆಡಬೇಕಾದ ಎಲೆ ಆಟವನ್ನು 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಮಾಡಿದರು. ಅವರು ಗಣಿತಜ್ಞರು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಗಳು ಬಂದವು. ಎರಡೇ ವರ್ಷದಲ್ಲಿ ಆ ಆಟ ಕೈಯಲ್ಲಿ ಹಿಡಿಯುವ ಕನ್ಸೋಲಿನೊಳಗೂ ಹೊಕ್ಕಿತು.

ಆಮೇಲೆ ಮೊಬೈಲು ಮತ್ತು ಕನ್ಸೋಲುಗಳಲ್ಲಿ ದುಡ್ಡು ಕೊಟ್ಟು ಒಡೆಯುವ ಪಾಕೀಟುಗಳು ಹೆಚ್ಚಿದವು. ಅದೃಷ್ಟದ ಪಾಕೀಟು ಒಡೆದೊಡೆದು ಪೂರ್ತಿ ಸೆಟ್ ಕೂಡಿಸಿದರೆ ದೊಡ್ಡ ಬಹುಮಾನ ಎನ್ನುವ ಏರ್ಪಾಡು ಕಾನೂನಿಗೆ ವಿರುದ್ಧ ಎಂದು 2012ರಲ್ಲಿ ಜಪಾನ್ ಸರಕಾರ ಹೇಳಿತು. ನನ್ನ ಬ್ಯಾಟಿನ ಕಥೆಯೇ ಅದು, ಇಪ್ಪತ್ತೈದು ವರ್ಷ ತಡವಾಗಿ! 2018ರಲ್ಲಿ ಬೆಲ್ಜಿಯಂ ದೇಶ ಕೆಲವು ಆಟಗಳಲ್ಲಿ ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಕರೆಯಿತು.

ಹುಡುಗನಿಗೆ ಇದೆಲ್ಲ ಪೂರ್ತಿ ಒಪ್ಪಿಗೆಯಾಗಲಿಲ್ಲ. "ರೇರ್ ಎಲಿ ಬ್ಯಾಡ ಅಂದ್ರ ಹ್ಯಾಂಗ ಮಾಮಾ? ಎಲ್ಲಾರ್ಗೂ ಎಲ್ಲಾ ಸಿಕ್ಕರ ಏನ್ ಮಜಾ?" ಎಂದ. ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಕೂಡಲೆ ಉತ್ತರ ಇರಲಿಲ್ಲ. ಅವನನ್ನು ಅಟ್ಟದ ಮೇಲೆ ಕರೆದುಕೊಂಡು ಹೋದೆ. ಅಪ್ಪನ ಹಳೆಯ ಮಗ್ಗದ ಜಕಾರ್ಡ್ ಕಾರ್ಡುಗಳ ಒಂದು ಕಟ್ಟು ಅಲ್ಲಿ ಇನ್ನೂ ಇದೆ.

ನೇಕಾರರ ಮನೆಯ ಮಕ್ಕಳು ಇವನ್ನು ನೋಡಿರಬಹುದು. ದಪ್ಪ ರಟ್ಟಿನ ಉದ್ದನೆಯ ಪಟ್ಟಿಗಳು. ಅವುಗಳ ತುಂಬ ಸಾಲು ಸಾಲು ತೂತುಗಳು. ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಮಾಲೆಯಂತೆ ಮಗ್ಗದ ಮೇಲೆ ತೂಗುಹಾಕಿರುತ್ತಾರೆ. ಲಾಳಿ ಒಂದು ಸಲ ಓಡುವ ಮುಂಚೆ ಒಂದು ಕಾರ್ಡು ಎದುರಿಗೆ ಬರುತ್ತದೆ. ಸೂಜಿಗಳು ಅದನ್ನು ಮುಟ್ಟುತ್ತವೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಹಾಸಿನ ಎಳೆಯನ್ನು ಎತ್ತುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಹೀಗೆ ಎದ್ದ ಎಳೆ, ಏಳದ ಎಳೆಗಳ ನಡುವೆ ಹೊಕ್ಕಿನ ನೂಲು ಹಾದು ಸೆರಗಿನಲ್ಲಿ ಹೂವು ಮೂಡುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಈ ಯಂತ್ರವನ್ನು ರೂಪಿಸಿದರು. ಮುಂದೆ ಅದರ ಮೇಲೆ ಅವರದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಆ ಒಂದು ಚಿತ್ರಕ್ಕೆ ಸುಮಾರು 24,000 ಕಾರ್ಡುಗಳು ಬೇಕಾದವು. ಅಂಥದೊಂದು ಚಿತ್ರ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅವರ ಬಳಿ ಇತ್ತು. ಅವರು ಯೋಚಿಸಿದ್ದ ಲೆಕ್ಕದ ಯಂತ್ರಕ್ಕೂ ಇಂಥ ತೂತಿನ ಕಾರ್ಡುಗಳ ಮೂಲಕವೇ ಆಜ್ಞೆ ಕೊಡಬೇಕೆಂದು ಬಗೆದಿದ್ದರು. 1890ರಲ್ಲಿ ಅಮೆರಿಕದ ಜನಗಣತಿಯನ್ನು ಎಣಿಸಲು ಹರ್ಮನ್ ಹಾಲೆರಿತ್ ತೂತಿನ ಕಾರ್ಡುಗಳನ್ನು ಬಳಸಿದರು. ಕಂಪ್ಯೂಟರುಗಳು ಬಂದ ಮೇಲೂ ಬಹಳ ಕಾಲ ಕಾರ್ಡುಗಳು ನಡೆದವು. ತೂತು ಇದೆ, ತೂತು ಇಲ್ಲ ಎಂಬ ಎರಡೇ ಮಾತುಗಳನ್ನು ಇಂದಿನ ಕಂಪ್ಯೂಟರು 1, 0 ಎಂದು ಬರೆದುಕೊಳ್ಳುತ್ತದೆ.

ನಾನು ಹುಡುಗನಿಗೆ ಕೇಳಿದೆ: "ನಿನ್ನ ಟಿವಿ ಆಟದಾಗ ಚಿಂಕಾರದ ಎಲಿ ಅಂದ್ರ ಏನು? ರಟ್ಟಲ್ಲ, ಕಾಗದ ಅಲ್ಲ."

"ಒಂದು, ಸೊನ್ನಿ" ಎಂದ.

"ಒಂದು ಚಿಂಕಾರ ಮಾಡಾಕ ಎಷ್ಟು ಖರ್ಚು? ಲಕ್ಷ ಚಿಂಕಾರ ಮಾಡಾಕ ಎಷ್ಟು?"

ಅವನು ತಲೆ ಕೆರೆದುಕೊಂಡ. ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ. ಕಾಗದದ ಎಲೆಯಾದರೆ ಮಸಿ ಬೇಕು, ಅಚ್ಚು ಬೇಕು. ಕನ್ಸೋಲಿನೊಳಗಿನ ಎಲೆಯನ್ನು ಎಷ್ಟು ಬೇಕಾದರೂ ನಕಲು ಮಾಡಬಹುದು. ಅದು ವಿರಳ ಏಕೆ? ಇನ್ನೂರರಲ್ಲಿ ಒಂದು ಎಂದು ಪ್ರೋಗ್ರಾಮಿನಲ್ಲಿ ಯಾರೋ ಒಂದು ಅಂಕಿ ಬರೆದಿದ್ದಾರೆ, ಅದಕ್ಕೆ. ನಾಳೆ ಆ ಅಂಕಿಯನ್ನು ಅಳಿಸಿ ಐನೂರು ಎಂದು ಬರೆದರೆ ಆಡುವವನಿಗೆ ಗೊತ್ತೂ ಆಗುವುದಿಲ್ಲ.

ಮರುದಿನ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 40 ಎಲೆಗಳನ್ನು ಮಾಡಿದೆವು. ಕನ್ಸೋಲಿಗೆ ಪ್ರೋಗ್ರಾಂ ಬರೆಯಲು ನಮ್ಮಿಬ್ಬರಿಗೂ ಬರುವುದಿಲ್ಲ. ಆದರೆ ಆಟ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ರಟ್ಟು ಸಾಕು. ಓಣಿಯ ನಾಲ್ಕು ಮಕ್ಕಳು ಸೇರಿದರು. ಹತ್ತೇ ನಿಮಿಷದಲ್ಲಿ ಜಗಳ! ಮುಧೋಳದ ನಾಯಿಗೆ ಹುಡುಗ ವೇಗ 9, ನೋಟ 9, ತಾಳಿಕೆ 8 ಎಂದು ಕೊಟ್ಟಿದ್ದ. ಆ ಎಲೆ ಸಿಕ್ಕವನೇ ಪ್ರತಿ ಸಲ ಗೆಲ್ಲುತ್ತಿದ್ದ. ಉಳಿದ 39 ಎಲೆಗಳಿಗೆ ಕೆಲಸವೇ ಇರಲಿಲ್ಲ.

"ನಾಯೀದು ಕಡಿಮಿ ಮಾಡಾಕ ಆಗೂದಿಲ್ಲ. ಅದರ ಮ್ಯಾಲೆ 2005ರಾಗ ಅಂಚೆ ಚೀಟಿ ಬಂದೈತಿ" ಎಂದು ಹುಡುಗ ಹಟ ಹಿಡಿದ. ಅಂಚೆ ಚೀಟಿ ಬಂದದ್ದು ನಿಜ. ಆಗ ಪಕ್ಕದ ಮನೆಯ ಹುಡುಗಿ ಒಂದು ಮಾತು ಹೇಳಿದಳು. ಮುಧೋಳದ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಉದ್ದ ಕಾಲು, ತೆಳ್ಳನೆಯ ಮೈ, ಬಯಲಿನಲ್ಲಿ ದೂರದ ವಸ್ತು ಅಲುಗಾಡಿದರೂ ಅದಕ್ಕೆ ಕಾಣುತ್ತದೆ. "ಕಬ್ಬಿನ್ಯಾಗ ಹೊಕ್ಕರ ಅದಕ್ಕ ಏನ್ ಕಾಣತೈತಿ?" ಎಂದಳು. ಎಲ್ಲರೂ ಹೌದು ಹೌದು ಎಂದರು. ಕಬ್ಬಿನ ಹೊಲದ ಎಲೆ ಹಾಕಿದರೆ ನಾಯಿಯ ನೋಟ ಸೊನ್ನೆಯಾಗಬೇಕು ಎಂದು ಆ ಕ್ಷಣವೇ ನಿಯಮ ಹುಟ್ಟಿತು. ತೋಳದ ಎಲೆ ಒಂಟಿಯಾಗಿದ್ದರೆ ದುರ್ಬಲ, ಎರಡು ಕೂಡಿದರೆ ಬಲ ಎಂದಾಯಿತು. ನಾಯಿಯ ಎಲೆಯನ್ನು ಚಿಂಕಾರದ ಮೇಲೆ ಹಾಕುವಂತಿಲ್ಲ ಎಂದೂ ಆಯಿತು, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಚಿಂಕಾರ ಬೇಟೆ ಅಪರಾಧ. ಸಂಜೆಯವರೆಗೂ ಆಟ ನಡೆಯಿತು. ಯಾರೂ ಪಾಕೀಟು ಒಡೆದಿರಲಿಲ್ಲ. ಮಜಾ ಕಡಿಮೆಯಾದಂತೆ ನನಗೆ ಕಾಣಲಿಲ್ಲ. ಹುಡುಗನೂ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ರಜೆ ಮುಗಿಯುವ ಮುಂಚೆ ಅವನಿಗೆ ಚಿಂಕಾರವನ್ನು ಕಣ್ಣಾರೆ ನೋಡಬೇಕೆನಿಸಿತು. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಕುರುಚಲು ಕಾಡು, ಕಲ್ಲು ಗುಡ್ಡ. ಚಿಂಕಾರ ಮೇಕೆಯಷ್ಟು ಎತ್ತರದ ಪ್ರಾಣಿ. ಮೈಬಣ್ಣ ನೆಲದ ಬಣ್ಣವೇ. ಎಲೆಗಳ ಮೇಲಿನ ಇಬ್ಬನಿ ಮತ್ತು ಮೇವಿನೊಳಗಿನ ನೀರನ್ನೇ ನಂಬಿ ಬಹಳ ದಿನ ನೀರು ಕುಡಿಯದೆ ಇರಬಲ್ಲದು. ಬೆಳಗಿನ ಜಾವ ಹೋಗಿ ರಸ್ತೆಯ ಬದಿಯಿಂದಲೇ ಕಾದೆವು. ಬಿಸಿಲೇರುವ ತನಕ ನಿಂತೆವು. ಹುಡುಗ ಅಷ್ಟು ಹೊತ್ತು ಸದ್ದಿಲ್ಲದೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಎರಡು ನವಿಲು ಕಂಡವು. ಮಣ್ಣಿನಲ್ಲಿ ಸಣ್ಣ ಗೊರಸಿನ ಗುರುತುಗಳು ಕಂಡವು. ಚಿಂಕಾರ ಕಾಣಲಿಲ್ಲ. ಮರುದಿನವೂ ಹೋದೆವು. ಆಗಲೂ ಇಲ್ಲ.

ಬಸ್ಸಿನಲ್ಲಿ ಬರುವಾಗ ಹುಡುಗ, "ಇಲ್ಲಿ ಹತ್ತು ರೂಪಾಯಿ ಕೊಟ್ಟರೂ ಬರಂಗಿಲ್ಲ, ಸಾವಿರ ಕೊಟ್ಟರೂ ಬರಂಗಿಲ್ಲ" ಎಂದ. ಮನೆಗೆ ಬಂದು ನೋಟ್‌ಬುಕ್ ತೆಗೆದು ಪಾಕೀಟಿನ ಪುಟಕ್ಕೆ ಅಡ್ಡಗೆರೆ ಎಳೆದ. ಅವನ ಹೊಸ ನಿಯಮ ಹೀಗಿದೆ. ಆಟ ಶುರು ಮಾಡಿದವನಿಗೆ 40 ಎಲೆಗಳೂ ಸಿಗುತ್ತವೆ. ಆದರೆ ಪ್ರಾಣಿ ಪಕ್ಷಿಗಳ ಎಲೆಯ ಕೆಳಗೆ ಒಂದು ಖಾಲಿ ಜಾಗ. ಎಲ್ಲಿ ಕಂಡೆ, ಯಾವ ದಿನ ಕಂಡೆ ಎಂದು ಆಡುವವನೇ ತುಂಬಬೇಕು. ಸುಳ್ಳು ಬರೆದರೆ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅದನ್ನು ಇನ್ನೂ ಯೋಚಿಸಿಲ್ಲ ಎಂದ.

ಜೂನ್ ತಿಂಗಳಲ್ಲಿ ಅವನ ಫೋನು ಬಂತು. ನವಿಲಿನ ಎಲೆ ತುಂಬಿದೆ, ಚಿಂಕಾರದ್ದು ಖಾಲಿ ಇದೆ ಎಂದು ವರದಿ ಒಪ್ಪಿಸಿದ. ಆಮೇಲೆ, "ಮಾಮಾ, ಚಳಿಗಾಲದಾಗ ಬರ್ತೀನಿ. ಪಟ್ಟಿ ತಲಿ ಬಾತು ನೋಡಬೇಕು. ಹಿನ್ನೀರಿಗೆ ಬಸ್ಸು ಎಷ್ಟಕ್ಕ ಐತಿ ಕೇಳಿಟ್ಟಿರು" ಎಂದ.

ನಾನು ಬೀಳಗಿ ಬಸ್ ನಿಲ್ದಾಣದಲ್ಲಿ ಕೇಳಿ ಬರೆದಿಟ್ಟಿದ್ದೇನೆ. ಮೊದಲ ಬಸ್ಸು ಹಿಡಿಯಬೇಕೆಂದರೆ ನಾವು ಹಿಂದಿನ ರಾತ್ರಿಯೇ ಬೀಳಗಿಗೆ ಹೋಗಿ ಉಳಿಯಬೇಕಾಗುತ್ತದೆ.